ವಿಟ್‌ಸಂಡೇ ದ್ವೀಪಗಳಲ್ಲಿ ಹಾಯಿದೋಣಿ: ಹೊರಡುವ ಮುನ್ನ ತಿಳಿದಿರಬೇಕಾದದ್ದು

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಕರಾವಳಿಗೂ ಗ್ರೇಟ್ ಬ್ಯಾರಿಯರ್ ರೀಫಿಗೂ ನಡುವಿನ ಕಡಲಿನಲ್ಲಿ 74 ವಿಟ್‌ಸಂಡೇ ದ್ವೀಪಗಳು ಹರಡಿಕೊಂಡಿವೆ. ಇವು ಮರಳಿನ ದಿಬ್ಬಗಳಲ್ಲ. ಹಿಮಯುಗದ ನಂತರ ಕಡಲು ಏರಿದಾಗ ಮುಳುಗದೆ ಉಳಿದ ಬೆಟ್ಟಗಳ ನೆತ್ತಿಗಳು. ಆದ್ದರಿಂದಲೇ ಇಲ್ಲಿ ಆಳವಾದ ಕೊಲ್ಲಿಗಳಿವೆ, ಗಾಳಿಗೆ ಮರೆಯಿದೆ, ಒಂದು ತಂಗುದಾಣದಿಂದ ಇನ್ನೊಂದಕ್ಕೆ ಕೆಲವೇ ಗಂಟೆಗಳ ದಾರಿಯಿದೆ. ಸಣ್ಣ ಹಾಯಿದೋಣಿಗೆ ಇಷ್ಟು ಒಗ್ಗುವ ಉಷ್ಣವಲಯದ ಕಡಲು ಅಪರೂಪ. ಮೆಲ್ಬರ್ನಿನ ಪೋರ್ಟ್ ಫಿಲಿಪ್ ಕೊಲ್ಲಿಯಲ್ಲಿ ಹಾಯಿ ನಡೆಸಲು ಕಲಿತ ನಾನು, ಮನೆಯವರೊಂದಿಗೆ 33 ಅಡಿಯ ದೋಣಿಯೊಂದನ್ನು ಬಾಡಿಗೆಗೆ ಪಡೆದು ಈ ದ್ವೀಪಗಳ ನಡುವೆ ತಿರುಗಾಡಿದ ಅನುಭವದಿಂದ ಹೇಳುವ ಮುಖ್ಯ ಮಾತು ಒಂದೇ: ನೋಡಬೇಕಾದ ಸ್ಥಳಗಳ ಪಟ್ಟಿಯಿಂದ ಯೋಜನೆಯನ್ನು ಆರಂಭಿಸಬೇಡಿ. ಪ್ರತಿ ರಾತ್ರಿ ಎಲ್ಲಿ ಲಂಗರು ಹಾಕುವುದೆಂಬುದನ್ನು ಗಾಳಿ ಮತ್ತು ಉಬ್ಬರವಿಳಿತಗಳನ್ನು ನೋಡಿ ಮೊದಲು ನಿಶ್ಚಯಿಸಿ. ಹಗಲಿನ ಕಾರ್ಯಕ್ರಮವನ್ನು ಅದಕ್ಕೆ ಹೊಂದಿಸಿಕೊಳ್ಳಿ.

ಇಲ್ಲಿ ಬೇರ್‌ಬೋಟ್, ಅಂದರೆ ಚಾಲಕರಿಲ್ಲದ ಬಾಡಿಗೆ ದೋಣಿಯನ್ನು ನಡೆಸಲು ಪರವಾನಗಿ ಬೇಕಿಲ್ಲ. ಬಾಡಿಗೆ ಕೊಡುವವರು ಹೊರಡುವ ಮುನ್ನ ಕೆಲವು ಗಂಟೆಗಳ ಕಾಲ ಎಂಜಿನ್, ಹಾಯಿ, ಲಂಗರು, ರೇಡಿಯೊ, ಶೌಚಾಲಯದ ಪಂಪು ಮುಂತಾದವನ್ನು ತೋರಿಸಿಕೊಡುತ್ತಾರೆ, ದಿನವೂ ಗೊತ್ತಾದ ವೇಳೆಗೆ ರೇಡಿಯೊದಲ್ಲಿ ಕರೆದು ನೀವು ಎಲ್ಲಿದ್ದೀರಿ ಎಂದು ಕೇಳುತ್ತಾರೆ. ಆದರೂ ದೋಣಿಯಲ್ಲಿರುವವರ ಪೈಕಿ ಕನಿಷ್ಠ ಇಬ್ಬರಿಗೆ ಹಾಯಿಯನ್ನು ಕುಗ್ಗಿಸುವುದು ಮತ್ತು ಲಂಗರು ಹಿಡಿದಿದೆಯೇ ಎಂದು ಪರೀಕ್ಷಿಸುವುದು ಚೆನ್ನಾಗಿ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ. ಅಷ್ಟು ಧೈರ್ಯವಿಲ್ಲದವರು ಮೊದಲ ದಿನದ ಮಟ್ಟಿಗೆ ಹಣ ಕೊಟ್ಟು ಮಾರ್ಗದರ್ಶಕರೊಬ್ಬರನ್ನು ಜೊತೆಗೆ ಕರೆದೊಯ್ಯಬಹುದು. ಆ ಖರ್ಚು ದಂಡವಾಗುವುದಿಲ್ಲ.

ಕಾಲದ ಆಯ್ಕೆ ಸುಲಭವಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಚಂಡಮಾರುತದ ಋತು. 2017ರ ಮಾರ್ಚ್‌ನಲ್ಲಿ ಬಂದ ಡೆಬಿ ಚಂಡಮಾರುತ ಈ ದ್ವೀಪಗಳ ಕಾಡನ್ನೂ ಹವಳವನ್ನೂ ಜಜ್ಜಿಹಾಕಿತ್ತು. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ಆಗ್ನೇಯ ದಿಕ್ಕಿನ ವಾಣಿಜ್ಯ ಮಾರುತ ಅನೇಕ ದಿನ 15ರಿಂದ 25 ನಾಟ್ (ಗಂಟೆಗೆ ಸುಮಾರು 28ರಿಂದ 46 ಕಿಲೋಮೀಟರ್) ವೇಗದಲ್ಲಿ ಬೀಸುತ್ತದೆ. ಇದು ಹಾಯಿಗೆ ಒಳ್ಳೆಯದು, ಹೊಸಬರಿಗೆ ಕಷ್ಟ. ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ ಗಾಳಿ ತಗ್ಗಿ, ನೀರು ಬೆಚ್ಚಗಾಗಿ, ಕಡಲು ಸೌಮ್ಯವಾಗಿರುವುದರಿಂದ ಮಕ್ಕಳೊಂದಿಗೆ ಹೋಗುವವರಿಗೆ ಅದೇ ತಕ್ಕ ಕಾಲ. ಜುಲೈ, ಆಗಸ್ಟ್‌ನಲ್ಲಿ ಹೋದರೆ ಹಂಪ್‌ಬ್ಯಾಕ್ ತಿಮಿಂಗಿಲಗಳು ಕಾಣಿಸುತ್ತವೆಂಬ ಆಸೆಯೂ ಇದೆ, ಆದರೆ ಆಗ ಸಂಜೆ ಆರರ ಸುಮಾರಿಗೇ ಕತ್ತಲಾಗುತ್ತದೆ ಎಂಬುದನ್ನು ಮರೆಯಬಾರದು.

ಕನ್ನಡ ಕರಾವಳಿಯ ಕಡಲನ್ನು ಕಂಡವರಿಗೆ ಇಲ್ಲಿನ ಉಬ್ಬರವಿಳಿತ ಅಚ್ಚರಿ ತರುತ್ತದೆ. ಮಂಗಳೂರು, ಕಾರವಾರಗಳಲ್ಲಿ ಏರಿಳಿತ ಸಾಮಾನ್ಯವಾಗಿ ಎರಡು ಮೀಟರಿನ ಒಳಗೇ ಇರುತ್ತದೆ. ಇಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಅದು ನಾಲ್ಕು ಮೀಟರಿನ ಹತ್ತಿರಕ್ಕೆ ಹೋಗುತ್ತದೆ. ಅಷ್ಟೂ ನೀರು ದ್ವೀಪಗಳ ನಡುವಿನ ಕಿರಿದಾದ ದಾರಿಗಳಲ್ಲಿ ನುಗ್ಗಿ ಹರಿಯಬೇಕು. ಉಬ್ಬರದ ನೀರು ದಕ್ಷಿಣಕ್ಕೂ ಇಳಿತದ ನೀರು ಉತ್ತರಕ್ಕೂ ಸಾಗುವುದರಿಂದ, ಆಗ್ನೇಯದ ಗಾಳಿ ಜೋರಾಗಿದ್ದಾಗ ಉಬ್ಬರದ ಹರಿವು ಗಾಳಿಗೆ ಎದುರಾಗಿ, ಗಿಡ್ಡವೂ ಕಡಿದೂ ಆದ ಅಲೆಗಳು ಏಳುತ್ತವೆ. ಹರಿವು ಜೊತೆಗಿದೆಯೆಂದು ಸಂತೋಷಪಟ್ಟು ದಕ್ಷಿಣಕ್ಕೆ ಹೊರಟವರ ಹೊಟ್ಟೆಯೊಳಗಿನದೆಲ್ಲ ಹೊರಬರುವುದು ಆಗಲೇ. ಗೋಡೆಯ ಮೇಲಿನ ಪಂಚಾಂಗವನ್ನು ನೋಡಿ, ಇಕ್ಕಟ್ಟಾದ ದಾರಿಗಳನ್ನು ದಾಟುವ ದಿನಗಳು ಅಷ್ಟಮಿಯ ಆಸುಪಾಸಿಗೆ ಬರುವಂತೆ ದೋಣಿಯನ್ನು ಕಾಯ್ದಿರಿಸಿದರೆ ಅರ್ಧ ತೊಂದರೆ ತಪ್ಪುತ್ತದೆ. ಆಗ ಏರಿಳಿತವೂ ಹರಿವೂ ಕಡಿಮೆ. ಗಂಟೆಯ ಲೆಕ್ಕಕ್ಕೆ ಮಾತ್ರ ಅಲ್ಲಿನ ಸರ್ಕಾರ ಪ್ರಕಟಿಸುವ ಉಬ್ಬರವಿಳಿತದ ಕೋಷ್ಟಕವೇ ಬೇಕು.

ಲಂಗರಿನ ಸರಪಣಿಯ ಲೆಕ್ಕವೂ ಇದರಿಂದಲೇ ಬದಲಾಗುತ್ತದೆ. ಇಳಿತದಲ್ಲಿ ಆರು ಮೀಟರ್ ಆಳವಿದೆಯೆಂದು ಲಂಗರು ಬಿಟ್ಟರೆ, ರಾತ್ರಿ ನೀರು ಮೂರೂವರೆ ಮೀಟರ್ ಏರಿ, ನೀರಿನಿಂದ ದೋಣಿಯ ಮೂತಿಯವರೆಗಿನ ಒಂದು ಮೀಟರೂ ಸೇರಿ, ಒಟ್ಟು ಹತ್ತೂವರೆ ಮೀಟರ್ ಆಗುತ್ತದೆ. ಅದರ ಐದು ಪಟ್ಟು, ಅಂದರೆ ಐವತ್ತು ಮೀಟರಿಗೂ ಹೆಚ್ಚು ಸರಪಣಿ ಬಿಡಬೇಕು, ಮತ್ತು ಅಷ್ಟು ಸರಪಣಿಯ ಸುತ್ತ ದೋಣಿ ತಿರುಗುವಾಗ ಪಕ್ಕದ ದೋಣಿಗಾಗಲಿ ಹವಳಕ್ಕಾಗಲಿ ತಾಗದಷ್ಟು ಜಾಗ ಇರಬೇಕು. ಕೊಲ್ಲಿಗಳ ಅಂಚಿನಲ್ಲಿ ಹವಳದ ದಿಬ್ಬ ಥಟ್ಟನೆ ಮೇಲೇಳುತ್ತದೆ. ಸೂರ್ಯ ನೆತ್ತಿಯ ಮೇಲಿರುವಾಗ ಅದು ನೀರಿನೊಳಗೆ ಕಂದು ಬಣ್ಣವಾಗಿ ಸ್ಪಷ್ಟವಾಗಿ ಕಾಣುತ್ತದೆ. ಇಳಿಬಿಸಿಲಿನ ಹೊಳಪಿನಲ್ಲಿ ಕಾಣುವುದೇ ಇಲ್ಲ. ಸಂಜೆ ನಾಲ್ಕರೊಳಗೆ ಲಂಗರು ಹಾಕಿರಬೇಕೆಂದು ದೋಣಿ ಕೊಡುವವರು ಹಟ ಹಿಡಿಯುವುದಕ್ಕೆ ಇದೇ ಕಾರಣ, ಮತ್ತು ನಾನಾದರೆ ಮೂರಕ್ಕೇ ಮುಗಿಸಿಬಿಡುತ್ತೇನೆ. ದಡದ ಬಳಿ ಬಿಳಿಯ ಪಿರಮಿಡ್ಡಿನ ಆಕಾರದ ಗುರುತುಗಳು ತೇಲುತ್ತಿದ್ದರೆ ಅವುಗಳ ಒಳಬದಿಗೆ ಲಂಗರು ಹಾಕುವಂತಿಲ್ಲ. ಹಲವೆಡೆ ಸಾರ್ವಜನಿಕ ಮೂರಿಂಗ್‌ಗಳು, ಅಂದರೆ ಲಂಗರು ಹಾಕದೆ ದೋಣಿಯನ್ನು ಕಟ್ಟಲು ಕಡಲತಳಕ್ಕೆ ಬಿಗಿದ ತೇಲುಬುರುಡೆಗಳಿವೆ; ಎಷ್ಟು ಉದ್ದದ ದೋಣಿಯನ್ನು, ಎಷ್ಟು ಹೊತ್ತು ಕಟ್ಟಬಹುದೆಂಬುದು ಅವುಗಳ ಮೇಲೆಯೇ ಬರೆದಿರುತ್ತದೆ.

ಇನ್ನೊಂದು ವಿಷಯವನ್ನು ನಕ್ಷೆ ಹೇಳುವುದಿಲ್ಲ. ಎತ್ತರದ ಬೆಟ್ಟದ ಮರೆಯಲ್ಲಿ ಕೊಲ್ಲಿ ಶಾಂತವಾಗಿದೆ ಎಂದುಕೊಂಡಿರುವಾಗಲೇ, ಬೆಟ್ಟವನ್ನು ಹತ್ತಿ ಇಳಿದ ಗಾಳಿ ಒಮ್ಮೆಲೇ ರಭಸದಿಂದ ಬಡಿಯುತ್ತದೆ. ಇಲ್ಲಿನವರು ಇದನ್ನು ಬುಲೆಟ್ ಎನ್ನುತ್ತಾರೆ. ಇದಕ್ಕೆ ಹೆದರಬೇಕಿಲ್ಲ, ಆದರೆ ಒಣಹಾಕಿದ ಬಟ್ಟೆಗಳನ್ನು ಕ್ಲಿಪ್ಪಿಲ್ಲದೆ ಬಿಡಬಾರದು, ಸರಪಣಿಯಲ್ಲಿ ಜಿಪುಣತನ ಮಾಡಬಾರದು.

ದಾರಿಯ ಬಗ್ಗೆ ಹೇಳುವುದಾದರೆ, ಮುಖ್ಯಭೂಮಿಯ ಪಟ್ಟಣವಾದ ಏರ್ಲಿ ಬೀಚಿನಿಂದ ಹೊರಟ ಮೊದಲ ದಿನ ಹುಕ್ ದ್ವೀಪದ ನಾರಾ ಕೊಲ್ಲಿಗೆ ಹೋಗುವುದು ಸೂಕ್ತ. ಮೂರು ನಾಲ್ಕು ಗಂಟೆಯ ದಾರಿ. ಆಗ್ನೇಯದ ಗಾಳಿ ಪಕ್ಕದಿಂದ ಸಿಗುತ್ತದೆ, ಕೊಲ್ಲಿ ಉದ್ದವಾಗಿಯೂ ಸುರಕ್ಷಿತವಾಗಿಯೂ ಇದೆ. ಅಲ್ಲಿ ಇಳಿದು ಸ್ವಲ್ಪ ಹತ್ತಿದರೆ, ಸಾವಿರಾರು ವರ್ಷಗಳಿಂದ ಈ ದ್ವೀಪಗಳಲ್ಲಿ ಬಾಳಿದ ಙಾರೊ ಜನರ ಗುಹಾಚಿತ್ರಗಳಿವೆ. ತೊಗಟೆಯ ದೋಣಿಗಳಲ್ಲಿ ಇದೇ ನೀರನ್ನು ದಾಟುತ್ತಿದ್ದವರ ಮುಂದೆ ನಮ್ಮ ಹಾಯಿಗಾರಿಕೆಯ ಹೆಮ್ಮೆ ತಾನಾಗಿ ಇಳಿಯುತ್ತದೆ. ಹವಳ ನೋಡುವ ಆಸೆಯಿರುವವರು ಮರುದಿನ ಹುಕ್ ದ್ವೀಪದ ಉತ್ತರದ ಬಟರ್‌ಫ್ಲೈ ಬೇ, ಮಂಟಾ ರೇ ಬೇಗಳ ಕಡೆಗೆ ಹೋಗಲಿ. ಆಗ್ನೇಯದ ಗಾಳಿಗೆ ಅವು ಮರೆ, ಆದರೆ ಗಾಳಿ ಉತ್ತರಕ್ಕೆ ತಿರುಗಿದರೆ ಅಲ್ಲಿ ಇರಕೂಡದು.

ಎಲ್ಲರೂ ಹೋಗಬಯಸುವುದು ವಿಟ್‌ಸಂಡೇ ದ್ವೀಪದ ಪೂರ್ವ ಮಗ್ಗುಲಿನ ವೈಟ್‌ಹೇವನ್ ಕಡಲತೀರಕ್ಕೆ. ಏಳು ಕಿಲೋಮೀಟರ್ ಉದ್ದದ ಆ ಬಿಳಿಯ ಮರಳು ಬಹುಪಾಲು ಶುದ್ಧ ಸಿಲಿಕಾ. ಹುಕ್ ಮತ್ತು ವಿಟ್‌ಸಂಡೇ ದ್ವೀಪಗಳ ನಡುವಿನ ಇಕ್ಕಟ್ಟಾದ ಹುಕ್ ಪ್ಯಾಸೇಜ್ ದಾಟಿ ಟಂಗ್ ಬೇಯಲ್ಲಿ ನಿಂತು, ಅಲ್ಲಿಂದ ಕಾಲುದಾರಿಯಲ್ಲಿ ಹಿಲ್ ಇನ್‌ಲೆಟ್ಟಿನ ವೀಕ್ಷಣಾ ಸ್ಥಳಕ್ಕೆ ಹತ್ತಬೇಕು. ನೀರು ಮರಳು ಹೆಣೆದುಕೊಂಡ ನೋಟ ಇಳಿತದಲ್ಲೇ ಚೆನ್ನ. ಆದರೆ ಪೂರ್ತಿ ಇಳಿತವಾದಾಗ ಟಂಗ್ ಬೇಯ ದಡದಲ್ಲಿ ಹವಳದ ಕಲ್ಲು ಹೊರಬಿದ್ದು, ಡಿಂಗಿ (ದಡಕ್ಕೆ ಹೋಗುವ ಪುಟ್ಟ ದೋಣಿ) ದಡ ಮುಟ್ಟುವುದೇ ಕಷ್ಟವಾಗುತ್ತದೆ. ಆದ್ದರಿಂದ ಅರ್ಧ ಇಳಿದ ನೀರಿನಲ್ಲಿ ಹೋಗಿ ಬೇಗನೆ ಮರಳುವುದೇ ಜಾಣತನ. ಹಿಂದಿರುಗಲು ದಕ್ಷಿಣದ ಸಾಲ್ವೇ ಪ್ಯಾಸೇಜ್ ಹತ್ತಿರದ ದಾರಿ. ಸುಳಿಗಳೂ ಮುರಿದೇಳುವ ಅಲೆಗಳೂ ಇರುವ ಅದನ್ನು ಉಬ್ಬರಕ್ಕೂ ಇಳಿತಕ್ಕೂ ನಡುವೆ ಹರಿವು ನಿಂತ ಹೊತ್ತಿನಲ್ಲಿ ಮಾತ್ರ, ಎಂಜಿನ್ ಚಾಲೂ ಇಟ್ಟುಕೊಂಡು ದಾಟಬೇಕು. ಗಾಳಿ 20 ನಾಟ್ ಮೀರಿದ ದಿನ ನಾನು ಅತ್ತ ಹೋಗುವುದಿಲ್ಲ.

ಹ್ಯಾಮಿಲ್ಟನ್ ದ್ವೀಪದ ಮರೀನಾ ಬಿಟ್ಟರೆ ದಾರಿಯಲ್ಲಿ ಕುಡಿಯುವ ನೀರು ತುಂಬಿಕೊಳ್ಳುವ ಸೌಲಭ್ಯವನ್ನು ನಂಬಿಕೊಳ್ಳಬಾರದು. ಪಾತ್ರೆಗಳನ್ನು ಕಡಲ ನೀರಿನಲ್ಲಿ ತೊಳೆದು ಕೊನೆಗೊಮ್ಮೆ ಸಿಹಿನೀರು ಸುರಿದರೆ ಟ್ಯಾಂಕು ಬಾಳುತ್ತದೆ. ಮನೆಯಿಂದ ಸಣ್ಣ ಕುಕ್ಕರ್ ಒಯ್ಯಿರಿ. ಗ್ಯಾಸೂ ನೀರೂ ಉಳಿಯುತ್ತವೆ. ದೋಣಿ ಓಲಾಡುವ ಹೊತ್ತಿಗೆ ಗೊಜ್ಜವಲಕ್ಕಿಯಂಥ, ಒಲೆ ಬೇಡದ ತಿಂಡಿಯೇ ಸರಿ. ಭಾರತದಿಂದ ನೇರವಾಗಿ ಬರುವವರು ತಂದ ಪ್ರತಿಯೊಂದು ಆಹಾರವಸ್ತುವನ್ನೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು; ಮುಚ್ಚಿಟ್ಟರೆ ದಂಡ ಭಾರಿಯಾಗಿರುತ್ತದೆ.

ನವೆಂಬರಿನಿಂದ ಮೇವರೆಗೆ ಬಾಕ್ಸ್ ಜೆಲ್ಲಿಫಿಶ್, ಇರುಕಾಂಜಿ ಎಂಬ ವಿಷದ ಲೋಳೆಮೀನುಗಳ ಕುಟುಕಿನ ಅಪಾಯ ಹೆಚ್ಚಾಗಿರುವುದರಿಂದ ಮೈಮುಚ್ಚುವ ಈಜುಡುಗೆಯಿಲ್ಲದೆ ನೀರಿಗೆ ಇಳಿಯಬಾರದು. ಉಳಿದ ತಿಂಗಳುಗಳಲ್ಲಿಯೂ ಧರಿಸುವುದು ಕ್ಷೇಮ. ವಿಟ್‌ಸಂಡೇ ದ್ವೀಪದ ಪಶ್ಚಿಮದ ಸಿಡ್ ಹಾರ್ಬರ್ ಲಂಗರಿಗೆ ಅತ್ಯುತ್ತಮ ಜಾಗವಾದರೂ 2018ರಲ್ಲಿ ಅಲ್ಲಿ ಶಾರ್ಕ್ ದಾಳಿಗಳಾದ ಕಾರಣ ಈಜಲೇಬಾರದು. ಸಾಗರ ಉದ್ಯಾನದ ನಕ್ಷೆಯಲ್ಲಿ ಹಸಿರು ಬಣ್ಣದ ವಲಯಗಳಲ್ಲಿ ಗಾಳ ಹಾಕುವಂತಿಲ್ಲ.

ಕೊನೆಯ ರಾತ್ರಿಯನ್ನು ದೂರದ ಕೊಲ್ಲಿಯಲ್ಲಿ ಕಳೆಯುವ ಆಸೆ ಬೇಡ. ದೋಣಿಯನ್ನು ಬೆಳಿಗ್ಗೆಯೇ ಮರಳಿಸಬೇಕಾಗಿರುತ್ತದೆ, ಡೀಸೆಲ್ ತುಂಬಿಸಲು ಸಾಲು ನಿಲ್ಲಬೇಕಾಗುತ್ತದೆ, ದೋಣಿಯ ತಪಾಸಣೆಗೂ ಹೊತ್ತು ಹಿಡಿಯುತ್ತದೆ. ಗಾಳಿ ಆಗ್ನೇಯದಿಂದಿದ್ದರೆ ಸೌತ್ ಮೋಲ್ ದ್ವೀಪದ ಉತ್ತರದ ಕೊಲ್ಲಿಯಲ್ಲಿ ತಂಗಿ, ಅಂದೇ ವಿಮಾನ ಹಿಡಿಯುವವರು ಪ್ರೊಸರ್ಪೈನ್ ನಿಲ್ದಾಣದಿಂದ ಮಧ್ಯಾಹ್ನದ ನಂತರ ಹೊರಡುವ ಟಿಕೆಟ್ಟನ್ನೇ ಕೊಳ್ಳುವುದು ಲೇಸು.