ಬಿಚ್ಚುವ ಮುಂಚೆ ಕೇಳಿದವರು

"ಹೊಗೆ ಯಾವಾಗ ಬರುತ್ತಮ್ಮ? ಎಕ್ಸಲೇಟರ್ ಕೊಟ್ಟಾಗಲಾ, ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗಲಾ?"

ಸೋಮವಾರದಿಂದ ಈ ಮಾತೇ ತಲೆಯಲ್ಲಿ ಸುತ್ತುತ್ತಿದೆ. ಅಪ್ಪನ ಹಳೇ ನೂರು ಸಿಸಿ ಬೈಕ್ ನೀಲಿ ಹೊಗೆ ಬಿಡುತ್ತಿತ್ತು. ಮೊದಲು ಹೋದ ಗ್ಯಾರೇಜಿನವರು ಸೈಲೆನ್ಸರ್ ಕಡೆ ಒಂದ್ಸಲ ನೋಡಿ, "ಬ್ಲಾಕ್, ಪಿಸ್ಟನ್ ಎಲ್ಲಾ ಹೋಗಿದೆ, ಪೂರ್ತಿ ಇಂಜಿನ್ ಕೆಲಸ" ಅಂದುಬಿಟ್ಟಿದ್ದರು. ಅವರು ಮೋಸಗಾರರು ಅಂತ ನನಗೆ ಅನ್ನಿಸುವುದಿಲ್ಲ. ಕೇಳುವ ತಾಳ್ಮೆ ಇಲ್ಲ, ಅಷ್ಟೇ.

ಬಸ್ ಸ್ಟ್ಯಾಂಡ್ ಹಿಂದಿರುವ ಮೆಕ್ಯಾನಿಕ್ ಮಾತ್ರ ಮೊದಲು ಈ ಪ್ರಶ್ನೆ ಕೇಳಿದರು. ಬೆಳಿಗ್ಗೆ ಮಾತ್ರ, ಸ್ವಲ್ಪ ಹೊತ್ತಿಗೆ ನಿಂತುಹೋಗುತ್ತೆ ಅಂದೆ. ಅವರು ಕಿಕ್ಕರನ್ನು ಕೈಯಲ್ಲೇ ಒತ್ತಿದರು. ಸುಲಭಕ್ಕೆ ಇಳಿಯಲಿಲ್ಲ. "ಕಂಪ್ರೆಷನ್, ಅಂದ್ರೆ ಒಳಗಿನ ಒತ್ತಡ, ಚೆನ್ನಾಗಿದೆ. ಪಿಸ್ಟನ್ ರಿಂಗ್ ಹೋಗಿದ್ರೆ ರೋಡಲ್ಲಿ ಎಳೆಯುವಾಗಲೂ ಹೊಗೆ ಬರ್ತಿತ್ತು."

ಇಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿಚ್ಚಿದಾಗ ನನ್ನನ್ನು ಹತ್ತಿರ ಕರೆದು ಪಿಸ್ಟನ್ ಓಡಾಡುವ ಬ್ಲಾಕಿನ ಒಳಗೆ ಟಾರ್ಚ್ ಬಿಟ್ಟರು. ಗೋಡೆ ತುಂಬಾ ಓರೆ ಓರೆಯಾಗಿ ಸಣ್ಣ ಗೀರುಗಳು. ಆಯಿಲ್ ಹಿಡಿದಿಡಲಿ ಅಂತ ಹೋನಿಂಗ್ ಮಾಡುವಾಗ, ಅಂದರೆ ಗೋಡೆಯನ್ನು ಕಲ್ಲಿನಿಂದ ಉಜ್ಜುವಾಗ, ಬೇಕಂತಲೇ ಹಾಕಿದವು. ಅವು ಇನ್ನೂ ಕಾಣುತ್ತಿವೆ ಅಂದರೆ ಆ ಗೋಡೆ ಸವೆದಿಲ್ಲ. ಪಿಸ್ಟನ್‌ಗೆ ಮೂರು ರಿಂಗು. ಮೇಲಿನೆರಡು ಉರಿಯುವ ಗ್ಯಾಸನ್ನು ತಡೆಯುತ್ತವೆ, ಕೆಳಗಿನದು ಜಾಸ್ತಿಯಾದ ಆಯಿಲನ್ನು ಕೆರೆದು ವಾಪಸ್ ಕಳಿಸುತ್ತದೆ. 6000 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗುವಾಗ, ಪಿಸ್ಟನ್ ಸೆಕೆಂಡಿಗೆ 100 ಸಲ ಮೇಲೆ ಹೋಗಿ ಕೆಳಗೆ ಬರುತ್ತದೆ. ಆ ಏರಿಳಿತವನ್ನು ಕನೆಕ್ಟಿಂಗ್ ರಾಡ್ ಕ್ರ್ಯಾಂಕಿಗೆ ದಾಟಿಸುತ್ತದೆ, ಕ್ರ್ಯಾಂಕ್ ತಿರುಗುತ್ತದೆ. ಇಷ್ಟು ವರ್ಷ ಹೀಗೆ ದುಡಿದು ಇನ್ನೂ ಗಟ್ಟಿಯಾಗಿರುವುದನ್ನು ಸುಮ್ನೆ ಗುಜರಿಗೆ ಹಾಕುತ್ತಿದ್ದೆವು ಅಲ್ವಾ!

ಕೆಟ್ಟಿದ್ದು ವಾಲ್ವ್ ಸೀಲ್. ವಾಲ್ವ್ ಅಂದರೆ ಪೆಟ್ರೋಲ್-ಗಾಳಿ ಒಳಬಿಡುವ, ಹೊಗೆ ಹೊರಬಿಡುವ ಬಾಗಿಲು; ಸೀಲ್ ಅಂದರೆ ಅದರ ಉಗುರಿನಷ್ಟು ರಬ್ಬರ್. ಹೆಡ್ಡಿನ ಮೇಲ್ಗಡೆ ವಾಲ್ವ್ ತೆರೆಯುವ ಕ್ಯಾಮ್ ಹತ್ತಿರ ಓಡಾಡುವ ಆಯಿಲ್, ವಾಲ್ವ್ ಗುಂಟ ಒಳಗಿಳಿಯದಂತೆ ನೋಡಿಕೊಳ್ಳುವುದು ಅದರ ಕೆಲಸ. ಹಳೆಯದನ್ನು ನನ್ನ ಕೈಗೆ ಹಾಕಿದರು. ಒತ್ತಿದೆ, ಪಟ್ ಅಂತ ಸೀಳಿತು. ಹೊಸದು ಮೆತ್ತಗೆ ಬಗ್ಗುತ್ತಿತ್ತು. ರಾತ್ರಿ ಬೈಕ್ ನಿಂತಿರುವಾಗ ಇಳಿದ ಆಯಿಲೇ ಬೆಳಿಗ್ಗೆ ಉರಿದು ನೀಲಿ ಹೊಗೆಯಾಗಿ ಬರುತ್ತಿತ್ತು.

ಅವರು ಕೇಳಿದ್ದು ಒಂದೇ ಪ್ರಶ್ನೆ. ಅದನ್ನು ಯಾರೂ ಕೇಳದೆ ಎಷ್ಟು ಕಡೆ ಎಷ್ಟೆಲ್ಲ ಬಿಚ್ಚಿರಬಹುದು! ಅಮ್ಮನ ಮಂಡಿ ನೋವಿಗೂ ಹೀಗೇ ಆಯಿತು. ಮೊದಲು ತೋರಿಸಿದ ಡಾಕ್ಟರು ನೋವು ಯಾವಾಗ ಅಂತ ಕೇಳದೆಯೇ ಸ್ಕ್ಯಾನ್ ಬರೆದುಕೊಟ್ಟರು. ಮುಂದಿನ ವಾರ ಬೇರೆ ಡಾಕ್ಟರ ಹತ್ತಿರ ಹೋಗುತ್ತಿದ್ದೇವೆ. ಮೆಟ್ಟಿಲು ಇಳಿಯುವಾಗ ಜಾಸ್ತಿ, ಹತ್ತುವಾಗ ಕಡಿಮೆ ಅಂತ ಅಮ್ಮ ಹೇಳಿದ್ದನ್ನು ಬರೆದಿಟ್ಟುಕೊಂಡಿದ್ದೇನೆ. ಅವರು ಕೇಳದಿದ್ದರೂ ಹೇಳುತ್ತೇನೆ.