ಸಾರ್ಡೀನ್ ಇಲ್ಲದ ವೆಲಿಕಾ ಗೋಸ್ಪಾ

ಆಗಸ್ಟ್ 15, 2015, ಶನಿವಾರ
ಸ್ಯಾನ್ ಪೆಡ್ರೊ, ಕ್ಯಾಲಿಫೋರ್ನಿಯಾ

ಇಂದು ವೆಲಿಕಾ ಗೋಸ್ಪಾ, ಮಾತೆ ಮರಿಯಮ್ಮನವರ ಸ್ವರ್ಗಸ್ವೀಕಾರದ ಹಬ್ಬ. ಕ್ರೊಯೇಷಿಯಾದಲ್ಲಿ ಇದು ಸಾರ್ವಜನಿಕ ರಜಾದಿನ; ಲಾಸ್ ಏಂಜಲೀಸ್ ಬಂದರಿಗೆ ಅಂಟಿಕೊಂಡಿರುವ ಈ ಊರಿನಲ್ಲಿ ರಜೆಯಿಲ್ಲದಿದ್ದರೂ ನನ್ನ ಗಂಡನ ಮನೆಯವರು ಪ್ರತಿವರ್ಷ ಬೆಳಗಿನ ಬಲಿಪೂಜೆ ಮುಗಿಸಿ ಬಂದು ಹಿತ್ತಲಿನಲ್ಲಿ ಗ್ರಾದೆಲೆ ಹೂಡುತ್ತಾರೆ. ಗ್ರಾದೆಲೆ ಎಂದರೆ ಕ್ರೊಯೇಷಿಯಾದ ಡಾಲ್ಮೇಷಿಯಾ ಕರಾವಳಿಯವರು ಕೆಂಡದ ಮೇಲಿಟ್ಟು ಮೀನು ಸುಡುವ ಕಬ್ಬಿಣದ ಜಾಲರಿ. ಹಿಂದಿನ ವರ್ಷಗಳಲ್ಲೆಲ್ಲ ಈ ದಿನ ಅದರ ಮೇಲೆ ಬೇಯುತ್ತಿದ್ದುದು ಸಾರ್ಡೀನ್, ನಮ್ಮ ಕುಂದಾಪುರದ ಕಡೆಯ ಬೈಗೆಯ ಸಂಬಂಧಿ. ಈ ವರ್ಷ ಬಂದರಿನಲ್ಲಿ ಅದು ಸಿಗಲಿಲ್ಲ.

ಪೆಸಿಫಿಕ್ ಸಾರ್ಡೀನಿನ ಒಟ್ಟು ತೂಕ 1,50,000 ಟನ್‌ಗಿಂತ ಕೆಳಗಿಳಿದರೆ ಅದನ್ನು ಹಿಡಿಯಲೆಂದೇ ಬಲೆ ಬೀಸುವುದನ್ನು ನಿಲ್ಲಿಸಬೇಕೆಂಬ ನಿಯಮ ಇಲ್ಲಿದೆ. ಈ ಬಾರಿಯ ಅಂದಾಜು ಆ ಗೆರೆಗಿಂತ ಬಹಳ ಕೆಳಗಿದ್ದುದರಿಂದ ಜುಲೈ 1ರಂದು ಶುರುವಾಗಬೇಕಿದ್ದ ಹಂಗಾಮು ಶುರುವಾಗಲೇ ಇಲ್ಲ. ಊರಿನ ಎಷ್ಟೋ ಮನೆಗಳಿಗೆ ಇದು ಕೇವಲ ಮಾರುಕಟ್ಟೆಯ ಸುದ್ದಿಯಲ್ಲ, ಏಕೆಂದರೆ ಆ ಮನೆಗಳ ಹಿರಿಯರು ಇಲ್ಲಿಗೆ ಬಂದದ್ದೇ ಮೀನಿನ ಹಿಂದೆ. ಏಡ್ರಿಯಾಟಿಕ್ ಸಮುದ್ರದ ವಿಸ್ ದ್ವೀಪದಲ್ಲಿ ಕೊಮಿಝಾ ಎಂಬ ಮೀನುಗಾರರ ಪಟ್ಟಣವಿದೆ. ಅಲ್ಲಿಯವರು ಫಾಲ್ಕುಶಾ ಎಂಬ ಮರದ ದೋಣಿಗಳಲ್ಲಿ ಹುಟ್ಟು ಹಾಕುತ್ತ, ಗಾಳಿಯಿದ್ದರೆ ಹಾಯಿ ಬಿಚ್ಚುತ್ತ, ತೆರೆದ ಕಡಲಿನ ನಡುವಿನ ಪಾಲಾಗ್ರೂಝಾ ದ್ವೀಪದವರೆಗೂ ಸಾರ್ಡೀನ್ ಹುಡುಕಿ ಹೋಗುತ್ತಿದ್ದರು. ಮೊದಲು ತಲುಪಿದವರಿಗೆ ಒಳ್ಳೆಯ ಜಾಗ ಸಿಗುತ್ತಿದ್ದುದರಿಂದ ಆ ಪಯಣವೇ ಒಂದು ಪಂದ್ಯವಾಗಿತ್ತು. ಅದರ ಮೊದಲ ದಾಖಲೆ 1593ರದು. ಅದೇ ಕೊಮಿಝಾದಿಂದ ಬಂದ ಮಾರ್ಟಿನ್ ಬೊಗ್ದಾನೊವಿಚ್ 1917ರಲ್ಲಿ ಇಲ್ಲಿ ಫ್ರೆಂಚ್ ಸಾರ್ಡೀನ್ ಕಂಪನಿ ಕಟ್ಟಿದರು. ಮುಂದೆ ಸ್ಟಾರ್‌ಕಿಸ್ಟ್ ಎಂಬ ಡಬ್ಬಿಮೀನಿನ ಕಂಪನಿ ಆದದ್ದು ಅದೇ. ನನ್ನ ಗಂಡನ ಮುತ್ತಜ್ಜನೂ ಅದೇ ಪಟ್ಟಣದವರು. ಅವರು ಇಲ್ಲಿಯ ದೋಣಿಗಳಲ್ಲಿ ದುಡಿದು ಕಟ್ಟಿದ ಮನೆಯಲ್ಲೇ ನಾವಿದ್ದೇವೆ.

ಹಬ್ಬಕ್ಕೆ ಯಾವ ಮೀನು ತರಬೇಕೆಂಬ ಮಾತು ನಿನ್ನೆ ರಾತ್ರಿ ಊಟದ ಮೇಜಿನಲ್ಲಿ ಎದ್ದಿತು. ಹೆಪ್ಪುಗಟ್ಟಿಸಿದ ಪೋರ್ಚುಗಲ್ ಸಾರ್ಡೀನ್ ಅಂಗಡಿಯಲ್ಲಿ ಸಿಗುತ್ತದೆ, ಅದನ್ನೇ ತಂದರೆ ಪದ್ಧತಿ ಉಳಿಯುತ್ತದೆ ಎಂಬುದು ಮಾವನವರ ವಾದ. ಅವರ ತಾಯಿ, ನಾವೆಲ್ಲ ನೋನಾ ಎಂದು ಕರೆಯುವ ಅಜ್ಜಿ, ಒಪ್ಪಲಿಲ್ಲ. "ಕೊಮಿಝಾದಲ್ಲಿ ನಾವು ಬಲೆಗೆ ಬಿದ್ದದ್ದನ್ನು ಸುಟ್ಟು ತಿಂದೆವು, ಬೀಳದ್ದನ್ನು ಅಂಗಡಿಯಲ್ಲಿ ಹುಡುಕಲಿಲ್ಲ. ಬಂದರಿಗೆ ಇವತ್ತು ಏನು ಬಂದಿದೆಯೋ ನೋಡಿಕೊಂಡು ಬಾ, ಮಗನೇ," ಎಂದರು. ಬಂದರಿಗೆ ಬಂದದ್ದು ಮ್ಯಾಕೆರೆಲ್, ಅಂದರೆ ನಮ್ಮ ಬಂಗುಡೆಯ ಸೋದರ.

ನಾನು ಪೂರ್ತಿಯಾಗಿ ನೋನಾ ಅವರ ಪಕ್ಷ. ಸಾರ್ಡೀನ್, ಆಂಚೊವಿ, ಮ್ಯಾಕೆರೆಲ್ ಈ ಮೂರನ್ನೂ ಡಾಲ್ಮೇಷಿಯಾದವರು ನೀಲಿ ಮೀನು ಎಂದು ಒಂದೇ ಗುಂಪಿಗೆ ಸೇರಿಸುತ್ತಾರೆ. ಬೆನ್ನು ನೀಲಿಯಾಗಿರುವ, ಎಣ್ಣೆ ಹೆಚ್ಚಿರುವ, ಅಗ್ಗದ ಮೀನುಗಳು ಇವು. ಆ ಎಣ್ಣೆಯಿಂದಲೇ ಕೆಂಡದ ಮೇಲೆ ಇವುಗಳ ಮಾಂಸ ಒಣಗುವುದಿಲ್ಲ. ಆ ಎಣ್ಣೆಯೇ ದಿನ ಕಳೆದಂತೆ ಕಮಟು ನಾರುತ್ತದೆ. ಹೆಪ್ಪುಗಟ್ಟಿ ಕರಗಿದ ಸಾರ್ಡೀನಿನ ಹೊಟ್ಟೆ ಮೆತ್ತಗಾಗಿ, ಜಾಲರಿಗೆ ತಾಗಿದೊಡನೆ ಚರ್ಮ ಹರಿಯುತ್ತದೆ. ಮೆಣಸು, ಹುಳಿ, ಶುಂಠಿ ಅರೆದು ಮೆತ್ತುವ ನಮ್ಮ ಕರಾವಳಿಯ ಕ್ರಮದಲ್ಲಾದರೆ ಮೀನಿನ ಕೊರತೆಯನ್ನು ಮಸಾಲೆ ಸ್ವಲ್ಪಮಟ್ಟಿಗೆ ತುಂಬಿಕೊಡುತ್ತದೆ. ಇಲ್ಲಿ ಇರುವುದು ಉಪ್ಪು, ಆಲಿವ್ ಎಣ್ಣೆ, ಬೆಳ್ಳುಳ್ಳಿ, ರೋಸ್‌ಮರಿ ಇಷ್ಟೇ, ಮೀನಿನ ಯಾವ ದೋಷವನ್ನೂ ಇವು ಮುಚ್ಚುವುದಿಲ್ಲ. ಹೀಗಿರುವಾಗ ಈ ಅಡುಗೆಯ ಪದ್ಧತಿಯನ್ನು ಉಳಿಸುವುದು ಮೀನಿನ ಜಾತಿಯಲ್ಲ, ಅದರ ತಾಜಾತನ ಮತ್ತು ಬೆಂಕಿಯ ಹದ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಬೆಂಕಿಯ ಕೆಲಸ ಬೆಳಗ್ಗೆ ಹನ್ನೊಂದಕ್ಕೇ ಆರಂಭವಾಯಿತು. ಸಾರ್ಡೀನಿಗೆ ದ್ರಾಕ್ಷಿಬಳ್ಳಿಯ ಒಣಕಡ್ಡಿಗಳೇ ಸಾಕು. ಅವು ಭುಗ್ಗನೆ ಉರಿದು, ಸಣ್ಣದಾದರೂ ತೀಕ್ಷ್ಣವಾದ ಕೆಂಡವನ್ನು ಬಿಡುತ್ತವೆ, ಮತ್ತು ಪ್ರತಿ ಪಕ್ಕಕ್ಕೆ ಎರಡು ಮೂರು ನಿಮಿಷದಲ್ಲಿ ಬೇಯುವ ಮೀನಿಗೆ ಅದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಮ್ಯಾಕೆರೆಲ್ ದಪ್ಪ ಮೀನು, ಆ ಕಾವು ಅದರ ಚರ್ಮವನ್ನು ಕರಕಲು ಮಾಡಿ ಮುಳ್ಳಿನ ಬಳಿ ಹಸಿಯಾಗಿಯೇ ಬಿಡುತ್ತದೆ. ಆದ್ದರಿಂದ ಮಾವನವರು ಬಳ್ಳಿಯ ಕಡ್ಡಿಯಿಂದ ಉರಿ ಎಬ್ಬಿಸಿ, ಅದರ ಮೇಲೆ ಹಳೆಯ ಆಲಿವ್ ಮರದಿಂದ ಸವರಿ ಒಣಗಿಸಿಟ್ಟಿದ್ದ ಕೊಂಬೆಗಳನ್ನೂ ಓಕ್ ಸೌದೆಯನ್ನೂ ಜೋಡಿಸಿದರು. ಜ್ವಾಲೆ ಇರುವವರೆಗೆ ಮೀನನ್ನು ಹತ್ತಿರಕ್ಕೂ ತರುವುದಿಲ್ಲ. ಸೌದೆಯೆಲ್ಲ ಕುಸಿದು, ಕೆಂಡದ ಮೇಲೆ ಬೂದಿಯ ತೆಳುಪೊರೆ ಕೂತ ಮೇಲೆ ಅದನ್ನು ಒಂದು ಬದಿಗೆ ದಪ್ಪವಾಗಿಯೂ ಇನ್ನೊಂದು ಬದಿಗೆ ತೆಳುವಾಗಿಯೂ ಹರಡಿ, ಬರಿಯ ಜಾಲರಿಯನ್ನು ಹತ್ತು ನಿಮಿಷ ಕಾಯಿಸಿ, ಉಜ್ಜಿ, ಎಣ್ಣೆಯಲ್ಲಿ ಅದ್ದಿದ ಅರ್ಧ ಈರುಳ್ಳಿಯಿಂದ ಒರೆಸಿದರು. ನೋನಾ ಕುರ್ಚಿಯನ್ನು ಹತ್ತಿರಕ್ಕೆ ಎಳೆಸಿಕೊಂಡು, ಜಾಲರಿಯಿಂದ ಒಂದು ಗೇಣು ಮೇಲೆ ಅಂಗೈ ಹಿಡಿದು ಎಣಿಸಿದರು. ಸಾರ್ಡೀನಿಗೆ ಮೂರು ಎಣಿಸುವಷ್ಟರಲ್ಲಿ ಕೈ ಹಿಂದೆ ಬರಬೇಕು, ಮ್ಯಾಕೆರೆಲಿಗೆ ಐದು. ಒಲೆಯ ಬಳಿ ನಿಂತು ನಾನು ಕಲಿತ ಪಾಠಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಬೇರೊಂದಿಲ್ಲ.

ಮೀನನ್ನು ನಾನೇ ಸರಿಪಡಿಸಿದೆ. ಕರುಳು ತೆಗೆದು, ಒಳಗಿನ ರಕ್ತದ ಗೆರೆಯನ್ನು ಉಗುರಿನಿಂದ ಕೆರೆದು, ನೀರಿನ ತೇವ ಉಳಿಯದಂತೆ ಒರೆಸಿ, ಎರಡೂ ಪಕ್ಕೆಗಳಿಗೆ ಓರೆಯಾಗಿ ಮೂರು ಗೀರು ಹಾಕಿ, ಕಲ್ಲುಪ್ಪು ಹಚ್ಚಿ ಅರ್ಧ ಗಂಟೆ ಐಸಿನ ಮೇಲಿಟ್ಟೆ. ಮ್ಯಾಕೆರೆಲ್ ಬಿಸಿಲಿನಲ್ಲಿ ಬೇಗ ಕೆಡುವ ಮೀನು, ಹಾಗೆ ಕೆಟ್ಟದ್ದನ್ನು ಎಷ್ಟು ಸುಟ್ಟರೂ ಅದರ ವಿಷ ಹೋಗುವುದಿಲ್ಲವಾದ್ದರಿಂದ ಐಸಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಜಾಲರಿಯ ಮೇಲೆ ಇಟ್ಟ ಮೀನನ್ನು ಒಮ್ಮೆ ಮಾತ್ರ ಮಗುಚಬೇಕು. ಚರ್ಮ ಗರಿಯಾದಾಗ ಅದು ತಾನಾಗಿಯೇ ಕಬ್ಬಿಣವನ್ನು ಬಿಡುತ್ತದೆ, ಅಲ್ಲಿಯವರೆಗೆ ಕೈ ಹಾಕಬಾರದು. ಪಕ್ಕಕ್ಕೆ ಐದಾರು ನಿಮಿಷ ಹಿಡಿಯಿತು. ಮಗುಚಿದ ಬಳಿಕ ಮಾವನವರು ರೋಸ್‌ಮರಿಯ ಕೊಂಬೆಯನ್ನೇ ಕುಂಚದಂತೆ ಹಿಡಿದು, ಜಜ್ಜಿದ ಬೆಳ್ಳುಳ್ಳಿ ಹಾಕಿದ ಆಲಿವ್ ಎಣ್ಣೆಯಲ್ಲಿ ಅದ್ದಿ ಹಗುರವಾಗಿ ಸವರಿದರು. ಎಣ್ಣೆ ಹೆಚ್ಚಾಗಿ ಕೆಂಡಕ್ಕೆ ತೊಟ್ಟಿಕ್ಕಿದರೆ ಜ್ವಾಲೆ ಏಳುತ್ತದೆ, ಮೀನಿಗೆ ಮಸಿಯ ಕಹಿ ಹತ್ತುತ್ತದೆ.

ಜೊತೆಗೆ ಬ್ಲಿತ್ವಾ ಇರಲೇಬೇಕು. ಬೀಟ್‌ರೂಟ್‌ನ ಕುಲಕ್ಕೆ ಸೇರಿದ ಈ ಅಗಲ ಎಲೆಯ ಸೊಪ್ಪನ್ನು ಅತ್ತೆ ಹಿತ್ತಲಿನಲ್ಲೇ ಬೆಳೆಸುತ್ತಾರೆ. ಈ ಬರದ ವರ್ಷದಲ್ಲಿ ತರಕಾರಿ ತೊಳೆದ ನೀರನ್ನೆಲ್ಲ ಅದರ ಬುಡಕ್ಕೇ ಹಾಕಿದ್ದೇವೆ. ಆಲೂಗಡ್ಡೆ ಮುಕ್ಕಾಲು ಬೆಂದ ನೀರಿಗೆ ದಂಟು, ಆಮೇಲೆ ಎಲೆ ಹಾಕಿ, ಬಸಿದು, ಬೆಳ್ಳುಳ್ಳಿ ಬಾಡಿಸಿದ ಆಲಿವ್ ಎಣ್ಣೆಯಲ್ಲಿ ಹೊರಳಿಸಿದರೆ ಮುಗಿಯಿತು. ಆಲೂಗಡ್ಡೆಯ ಅಂಚು ಸ್ವಲ್ಪ ಕರಗಿ ಸೊಪ್ಪಿಗೆ ಅಂಟಿಕೊಳ್ಳಬೇಕೆಂದು ಅತ್ತೆ ಹೇಳುತ್ತಾರೆ, ಮತ್ತು ಅದು ಸತ್ಯ.

ಮಕ್ಕಳಿಗಾಗಿ ಕೊನೆಯಲ್ಲಿ ಚೆವಾಪಿ ಸುಟ್ಟೆವು. ದನದ ಮತ್ತು ಕುರಿಯ ಮಾಂಸದ ಕೈಮಾಕ್ಕೆ ಉಪ್ಪು, ಬೆಳ್ಳುಳ್ಳಿ, ಚಿಟಿಕೆ ಅಡುಗೆಸೋಡ ಸೇರಿಸಿ ರಾತ್ರಿಯಿಡೀ ಫ್ರಿಜ್‌ನಲ್ಲಿಟ್ಟು, ಬೆರಳಿನಷ್ಟು ಉದ್ದಕ್ಕೆ ಹೊಸೆದು ಸುಡುವ ಇದು ಒಟ್ಟೊಮನ್ನರ ಕಾಲದಲ್ಲಿ ಬಾಲ್ಕನ್ ಒಳನಾಡಿನಲ್ಲಿ ಬೆಳೆದ ಅಡುಗೆ. ನೋನಾ ಅವರ ಬಾಲ್ಯದ ದ್ವೀಪದಲ್ಲಿ ಇದು ಇರಲಿಲ್ಲ. ಮನೆಗೆ ತಂದವರು ಒಳನಾಡಿನ ಮೂಲದ ಅತ್ತೆ. ಕೆಂಪು ದೊಣ್ಣೆ ಮೆಣಸಿನಕಾಯಿ ಸುಟ್ಟು ಅರೆದ ಐವಾರ್ ಕೂಡ ಅವರದೇ ಕೊಡುಗೆ. ಮೀನಿನ ಬಳಿಕವೇ ಮಾಂಸ ಎಂಬ ಕ್ರಮವನ್ನು ಮಾತ್ರ ನೋನಾ ಬಿಟ್ಟುಕೊಟ್ಟಿಲ್ಲ, ಏಕೆಂದರೆ ಕೊಬ್ಬು ಸುರಿದ ಜಾಲರಿಯ ಮೇಲೆ ಮೀನಿನ ರುಚಿ ನಿಲ್ಲುವುದಿಲ್ಲ.

ಊಟ ಮಾಡುವಾಗ ಮೊಮ್ಮಗಳೊಬ್ಬಳು ಮೀನಿನ ತಲೆಯನ್ನು ಪಕ್ಕಕ್ಕೆ ಸರಿಸಿದ್ದನ್ನು ಕಂಡು, ನೋನಾ ಅದನ್ನು ತಮ್ಮ ತಟ್ಟೆಗೆ ಹಾಕಿಕೊಂಡು ಎಲ್-ಶಾತ್‌ನ ಕತೆ ಹೇಳಿದರು. 1944ರಲ್ಲಿ ಯುದ್ಧದ ನಡುವೆ ಡಾಲ್ಮೇಷಿಯಾದ 25,000ಕ್ಕೂ ಹೆಚ್ಚು ಜನರನ್ನು ಹಡಗುಗಳಲ್ಲಿ ಸಾಗಿಸಿ, ಈಜಿಪ್ಟಿನ ಸಿನಾಯ್ ಮರಳುಗಾಡಿನ ಡೇರೆಗಳಲ್ಲಿ ಇರಿಸಿದ್ದರು. ಆಗ ಚಿಕ್ಕ ಹುಡುಗಿಯಾಗಿದ್ದ ನೋನಾ ಅವರಿಗೆ ಅಲ್ಲಿ ಹಂಚುತ್ತಿದ್ದ ಡಬ್ಬಿಯ ಆಹಾರದ ನಡುವೆ ತಾಯಿ ಊರಿನ ಸುಟ್ಟ ಮೀನನ್ನು ಬಾಯಿಮಾತಿನಲ್ಲೇ ವರ್ಣಿಸುತ್ತಿದ್ದುದು ಇನ್ನೂ ನೆನಪಿದೆಯಂತೆ. ಮಾವನವರು ಎದ್ದು ಹೋಗಿ ತಾಯಿಗೆ ಇನ್ನೊಂದು ಮ್ಯಾಕೆರೆಲ್ ತಂದು ಬಡಿಸಿದರು. ಪೋರ್ಚುಗಲ್ ಸಾರ್ಡೀನಿನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಉಳಿದ ಎರಡು ಮೀನುಗಳ ಮುಳ್ಳು ಬಿಡಿಸಿ, ವಿನೆಗರ್, ಈರುಳ್ಳಿ, ರೋಸ್‌ಮರಿ ಕುದಿಸಿದ ಒಗ್ಗರಣೆಯನ್ನು ಸುರಿದು ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ನಾಳೆ ಭಾನುವಾರ ಉಪ್ಪಿನಲ್ಲಿ ಹಾಕಿಟ್ಟ ಆಂಚೊವಿಯಿಂದ ಪೊಗಾಚಾ, ಅಂದರೆ ಹೂರಣ ತುಂಬಿದ ರೊಟ್ಟಿ, ಮಾಡುವುದೆಂದು ತೀರ್ಮಾನವಾಗಿದೆ. ಅದೇ ದ್ವೀಪದ ವಿಸ್ ಪಟ್ಟಣದವರು ಇದಕ್ಕೆ ಟೊಮೆಟೊ ಹಾಕುವುದಿಲ್ಲ, ಕೊಮಿಝಾದವರು ಹಾಕುತ್ತಾರೆ. ನಮ್ಮದು ಕೊಮಿಝಾದ ಮನೆಯಾದ್ದರಿಂದ ಹಿತ್ತಲಿನ ಟೊಮೆಟೊಗಳನ್ನು ಸಂಜೆಯೇ ಕೊಯ್ದು ತಂದಿದ್ದೇನೆ.