ಹಿಮ್ಮಡಿ ಎತ್ತರದ ಬೂಟು, ಶಿರಸಿಯ ತೇವ

ಎರಡು ವರ್ಷಗಳ ಹಿಂದೆ ಡಿಸೆಂಬರಿನ ಒಂದು ರಾತ್ರಿ, ಹುಬ್ಬಳ್ಳಿಯ ರೈಲ್ವೆ ನಿಲ್ದಾಣದಲ್ಲಿ, 1,507 ಮೀಟರ್ ಉದ್ದವಿದ್ದು ಜಗತ್ತಿನಲ್ಲಿಯೇ ಅತಿ ಉದ್ದದ್ದೆಂದು ಹೆಸರಾದ ಪ್ಲಾಟ್‌ಫಾರ್ಮಿನ ಮೇಲೆ, ನನ್ನ ಬಲಗಾಲಿನ ಬೂಟಿನ ಅಟ್ಟೆ ಹಳೆಯ ರವೆ ಉಂಡೆಯಂತೆ ಪುಡಿಪುಡಿಯಾಗಿ ಉದುರತೊಡಗಿತು. ನನ್ನ ಬೋಗಿ ಇದ್ದದ್ದು ಇನ್ನೊಂದು ತುದಿಯಲ್ಲಿ. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದು ಕೈಯಲ್ಲಿ ಬೂಟು ಹಿಡಿದು ಬರೀ ಸಾಕ್ಸಿನಲ್ಲಿ ಓಡಿದ ಆ ಓಟವನ್ನು ವಿವರಿಸುವುದು ಬೇಡ. ಬೆಂಗಳೂರಿನ ಮಾಲೊಂದರಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಕೊಟ್ಟು ತಂದಿದ್ದ ಆ ಜೋಡಿಯನ್ನು ನಾನು ಅದುವರೆಗೆ ಹಾಕಿಕೊಂಡದ್ದು ಹೆಚ್ಚೆಂದರೆ ಆರು ಸಲ ಎಂಬುದು ಮಾತ್ರ ನನಗೆ ಬಿಡಿಸಲಾಗದ ಒಗಟಾಗಿ ಉಳಿಯಿತು.

ಒಗಟು ಬಿಡಿಸಿದವರು ಶಿರಸಿಯ ಪೇಟೆಯಲ್ಲಿ ಕೊಡೆ ಮತ್ತು ಚಪ್ಪಲಿ ರಿಪೇರಿ ಮಾಡುವ ಹಿರಿಯರು. ಬೂಟನ್ನು ತಿರುಗಿಸಿ, ಅಟ್ಟೆಯನ್ನು ಉಗುರಿನಿಂದ ಕೆರೆದು, ಬೆರಳಿಗೆ ಅಂಟಿದ ಪುಡಿಯನ್ನು ನನಗೆ ತೋರಿಸಿ, "ಅಕ್ಕೋರೇ, ಇದು ಸವೆದದ್ದಲ್ಲ, ಕೊಳೆತದ್ದು" ಎಂದರು. ಮರುದಿನ ನಮ್ಮ ಕಾಲೇಜಿನ ರಸಾಯನಶಾಸ್ತ್ರದ ಮೇಡಂ ಅದೇ ಮಾತನ್ನು ತಮ್ಮ ಶಾಸ್ತ್ರದ ಭಾಷೆಯಲ್ಲಿ ಹೇಳಿದರು. ಪಿಯು ಎಂದು ಪೆಟ್ಟಿಗೆಯ ಮೇಲೆ ಬರೆದಿರುವ, ಅಟ್ಟೆಗೆ ಬಳಸುವ ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ಕು ಹಗುರ, ಮೆತ್ತಗೆ. ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ನೋಡಿದಾಗ ಅದರಷ್ಟು ಹಿತವಾದದ್ದು ಬೇರೆ ಸಿಗುವುದಿಲ್ಲ. ಆದರೆ ಗಾಳಿಯಲ್ಲಿರುವ ತೇವ ಅದರ ಅಣುಗಳ ಸರಪಳಿಯನ್ನು ಮೆಲ್ಲನೆ ಕಡಿಯುತ್ತ ಹೋಗುತ್ತದೆ, ಹಾಕಿಕೊಂಡರೂ ಹಾಕಿಕೊಳ್ಳದಿದ್ದರೂ. ವರ್ಷಕ್ಕೆ 2,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ, ಚರ್ಮದ ಸಾಮಾನು ಒಳಗೆ ಬರಕೂಡದೆಂಬ ಆಯಿಯ ಕಟ್ಟಳೆಯ ಪ್ರಕಾರ ಜಗಲಿಯ ಗೂಡಿನಲ್ಲಿ, ರಟ್ಟಿನ ಪೆಟ್ಟಿಗೆಯೊಳಗೆ, ಎರಡು ಮಳೆಗಾಲ ಕಳೆದ ಬೂಟಿಗೆ ಬೇರೆ ಗತಿ ಏನಿರಲು ಸಾಧ್ಯ?

ಚೆಂದವೂ ಇರಬೇಕು, ಕಾಲಿಗೆ ಹಿತವೂ ಆಗಬೇಕು, ಹಿಮ್ಮಡಿಯೂ ತುಸು ಎತ್ತರವಿರಬೇಕು ಎನ್ನುವವರಿಗೆ ಸಲಹೆ ಕೊಡುವವರು ಸಾಮಾನ್ಯವಾಗಿ ಬಣ್ಣದಿಂದಲೋ ಮೂತಿಯ ಆಕಾರದಿಂದಲೋ ಆರಂಭಿಸುತ್ತಾರೆ. ಆ ರಾತ್ರಿಯ ನಂತರ ನಾನು ಯಾವ ಬೂಟನ್ನು ನೋಡಿದರೂ ಮೊದಲು ಮಗುಚಿ ಅದರ ಅಡಿಯನ್ನೇ ನೋಡುತ್ತೇನೆ. ಅಟ್ಟೆ ರಬ್ಬರಿನದೋ, ರಬ್ಬರಿನಂತೆಯೇ ಬಗ್ಗುವ ಪ್ಲಾಸ್ಟಿಕ್ಕಾದ ಟಿಪಿಆರ್‌ನದೋ ಆಗಿದ್ದರೆ ಮುಂದಿನ ಮಾತು. ಪಿಯು ಆಗಿದ್ದರೆ ಎಷ್ಟೇ ಸುಂದರವಾಗಿದ್ದರೂ ಮರಳಿ ಕಪಾಟಿಗೆ. ಚರ್ಮದ ಅಟ್ಟೆ ನೋಡಲು ಬಹಳ ಸೊಗಸು, ಆದರೆ ನಮ್ಮ ಪಾಚಿಗಟ್ಟಿದ ಅಂಗಳದ ಕಲ್ಲುಗಳ ಮೇಲೆ ಅದನ್ನು ಧರಿಸಿ ನಡೆಯುವ ಧೈರ್ಯ ನನಗಿಲ್ಲ.

ಅಡಿಯನ್ನು ನೋಡುತ್ತಿರುವಾಗಲೇ ಹೀಲ್ಸ್‌ನ ಲೆಕ್ಕವನ್ನೂ ಮುಗಿಸಬಹುದು. ಕಾಲಿಗೆ ನೋವು ಕೊಡುವುದು ಹಿಮ್ಮಡಿಯ ಎತ್ತರವೊಂದೇ ಅಲ್ಲ; ಆ ಎತ್ತರದಿಂದ ಮುಂಗಾಲಿನ ಕೆಳಗಿರುವ ಅಟ್ಟೆಯ ದಪ್ಪವನ್ನು ಕಳೆದಾಗ ಉಳಿಯುವ ಏರು ಮುಖ್ಯ. 7 ಸೆಂ.ಮೀ. ಹಿಮ್ಮಡಿಯಿದ್ದು ಮುಂದೆ 2 ಸೆಂ.ಮೀ. ದಪ್ಪದ ಅಟ್ಟೆಯಿದ್ದರೆ ಪಾದಕ್ಕೆ ಅದು 5 ಸೆಂ.ಮೀ. ಏರು ಮಾತ್ರ. ಏರು ಹೆಚ್ಚಿದಂತೆಲ್ಲ ದೇಹದ ಭಾರ ಮುಂದಕ್ಕೆ ಜಾರಿ ಬೆರಳುಗಳ ಬುಡದ ಮೇಲೆ ಬೀಳುತ್ತದೆ, ಮೀನಖಂಡದ ಸ್ನಾಯು ಗಿಡ್ಡವಾಗಿಯೇ ನಿಂತಿರುತ್ತದೆ. ಮೂರು ತಾಸು ನಿಂತು ಪಾಠ ಮಾಡುವ ನನ್ನಂಥವರಿಗೆ 5 ಸೆಂ.ಮೀ. ಗಡಿ, ಅದರಾಚೆಗೆ ಹೋದರೆ ಸಂಜೆ ಬಿಸಿನೀರಿನ ಬಕೆಟ್ಟು ಬೇಕಾಗುತ್ತದೆ. ಎತ್ತರದಷ್ಟೇ ಮುಖ್ಯವಾದದ್ದು ಹೀಲ್ಸ್ ಕೂಡಿಸಿರುವ ಜಾಗ. ಅದು ಹಿಮ್ಮಡಿಯ ಮೂಳೆಯ ನೇರ ಕೆಳಗಿರಬೇಕೇ ಹೊರತು ತೀರ ಹಿಂಬದಿಯ ಅಂಚಿಗೆ ಓಡಿರಬಾರದು. ಬೂಟನ್ನು ಅಂಗಡಿಯ ಗಾಜಿನ ಮೇಜಿನ ಮೇಲಿಟ್ಟು, ಒಳಗೆ ಹಿಮ್ಮಡಿ ಕೂರುವ ಜಾಗವನ್ನು ಹೆಬ್ಬೆರಳಿನಿಂದ ಒತ್ತಿದಾಗ ಅದು ಅಲುಗಾಡಿದರೆ, ಘಟ್ಟದ ಬಸ್ಸಿನ ಮೆಟ್ಟಿಲಿಳಿಯುವಾಗ ನಾವೂ ಅಲುಗಾಡುತ್ತೇವೆ. ಆಮೇಲೆ ಎರಡೂ ತುದಿ ಹಿಡಿದು ಬಗ್ಗಿಸಿ ನೋಡುತ್ತೇನೆ. ಒಳ್ಳೆಯ ಬೂಟು ಬೆರಳುಗಳ ಬುಡದಲ್ಲಿ ಮಾತ್ರ ಬಗ್ಗುತ್ತದೆ. ನಡುವೆ ಬಗ್ಗಿದರೆ, ಹಿಮ್ಮಡಿಗೂ ಮುಂಗಾಲಿಗೂ ಸೇತುವೆಯಂತೆ ಒಳಗಿರಬೇಕಾದ ಶ್ಯಾಂಕ್ ಎಂಬ ಉಕ್ಕಿನ ಪಟ್ಟಿ ದುರ್ಬಲವಾಗಿದೆ ಅಥವಾ ಇಲ್ಲವೇ ಇಲ್ಲ ಎಂದು ತಿಳಿಯಬೇಕು. ಅಂಗಡಿಯ ಹುಡುಗರಿಗೆ ನನ್ನ ಈ ಪರೀಕ್ಷೆ ಎಮ್ಮೆಯ ಹಲ್ಲು ಎಣಿಸುವವರ ಹಾಗೆ ಕಾಣುತ್ತದೆಯೆಂಬುದು ನನಗೆ ಗೊತ್ತಿದೆ.

ಮೇಲಿನ ಚರ್ಮದ ವಿಷಯದಲ್ಲಿ ಮೋಸಹೋಗುವುದು ಬಹಳ ಸುಲಭ. ಜೆನ್ಯುಯಿನ್ ಲೆದರ್ ಎಂಬ ಮುದ್ರೆ ಚರ್ಮ ಎಂಬುದನ್ನಷ್ಟೇ ಹೇಳುತ್ತದೆ, ಯಾವ ಪದರದ್ದು ಎಂಬುದನ್ನಲ್ಲ. ತೊಗಲಿನ ಕೆಳಪದರವನ್ನು ಸೀಳಿ ಅದರ ಮೇಲೆ ಪ್ಲಾಸ್ಟಿಕ್ಕಿನ ಲೇಪ ಕೊಟ್ಟದ್ದಕ್ಕೂ ಆ ಮುದ್ರೆ ಬೀಳಬಹುದು. ಇದಕ್ಕಿಂತ ಸ್ಪಷ್ಟವಾದ ಭಾಷೆ ಯುರೋಪಿನ ಮಾರುಕಟ್ಟೆಗಾಗಿ ಮಾಡಿದ ಬೂಟುಗಳ ಮೇಲಿನ ಪುಟ್ಟ ಚಿತ್ರಗಳದ್ದು. ಮೇಲ್ಭಾಗ, ಒಳಪದರ, ಅಟ್ಟೆ ಎಂಬ ಮೂರಕ್ಕೂ ಬೇರೆಬೇರೆ ಗುರುತಿರುತ್ತದೆ: ಹರವಿಟ್ಟ ತೊಗಲಿನ ಆಕಾರವಿದ್ದರೆ ಚರ್ಮ, ಅದೇ ಆಕಾರದೊಳಗೆ ವಜ್ರಾಕೃತಿ ಇದ್ದರೆ ಲೇಪವಿರುವ ಚರ್ಮ, ಬಲೆಯಂಥದ್ದು ಬಟ್ಟೆ, ಬರಿಯ ವಜ್ರಾಕೃತಿ ಇತರ ವಸ್ತು. ನಾನು ಮೇಲ್ಭಾಗಕ್ಕಿಂತ ಒಳಪದರದ ಚಿತ್ರವನ್ನೇ ಹೆಚ್ಚು ಹುಡುಕುತ್ತೇನೆ. ಡಿಸೆಂಬರಿನಲ್ಲೂ ಕಾರವಾರದಲ್ಲಿ ಮಧ್ಯಾಹ್ನ ಬೆವರು ನಿಲ್ಲುವುದಿಲ್ಲ. ಒಳಗೂ ಚರ್ಮವಿದ್ದರೆ ಅದು ಬೆವರನ್ನು ಹೀರಿ ರಾತ್ರಿ ಹೊರಬಿಡುತ್ತದೆ, ಸಿಂಥೆಟಿಕ್ ಒಳಪದರವಾದರೆ ಪಾದ ಇಡ್ಲಿ ಪಾತ್ರೆಯಲ್ಲಿ ಕೂತಂತೆ ಬೇಯುತ್ತದೆ. ಮಖಮಲ್ಲಿನಂಥ ನವಿರು ಮೈಯ ಸ್ವೇಡ್ ಚರ್ಮ ಕಣ್ಣಿಗೆ ಬಹಳ ಹಿತ. ನಮ್ಮೂರಿನ ತೇವಕ್ಕೆ ಅದು ಆಗದು.

ಇನ್ನು ಅಳತೆ. ಬ್ರಿಟಿಷ್ ಕ್ರಮದಲ್ಲಿ ಒಂದು ನಂಬರಿಗೂ ಮುಂದಿನದಕ್ಕೂ ಇರುವ ಅಂತರ ಇಂಚಿನ ಮೂರನೆಯ ಒಂದು ಭಾಗ, ಎಂದರೆ ಸುಮಾರು 8.5 ಮಿ.ಮೀ.; ಯುರೋಪಿನ ಕ್ರಮದಲ್ಲಿ ಅದು ಸುಮಾರು 6.7 ಮಿ.ಮೀ. ಎರಡೂ ಹೇಳುವುದು ಉದ್ದವನ್ನು. ತೋಟದಲ್ಲಿ ಬರಿಗಾಲಲ್ಲಿ ಓಡಾಡಿ ಬೆಳೆದ ನನ್ನ ಪಾದದ ಕಷ್ಟವಿರುವುದು ಅಗಲದಲ್ಲಿ. ಚೆನ್ನೈನ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯವರು ದೇಶದ ಬೇರೆಬೇರೆ ಕಡೆಯ ಪಾದಗಳನ್ನು ಅಳೆದು 'ಭಾ' ಎಂಬ ಭಾರತೀಯ ಅಳತೆಕ್ರಮವೊಂದನ್ನು ಸೂಚಿಸಿದ್ದಾರೆ. ನಮ್ಮವರ ಪಾದ ಅಗಲವೆಂಬುದು ಅವರ ಲೆಕ್ಕದಲ್ಲೂ ಕಂಡಿದೆಯೆಂದು ತಿಳಿದಾಗ ನನಗೆ ಆದ ಸಮಾಧಾನ ಅಷ್ಟಿಷ್ಟಲ್ಲ. ಬಿಗಿಯಾಯಿತೆಂದು ಒಂದು ನಂಬರು ದೊಡ್ಡದನ್ನು ತೆಗೆದುಕೊಳ್ಳುವುದು ನಾವೆಲ್ಲ ಮಾಡುವ ತಪ್ಪು. ಹಾಗೆ ಮಾಡಿದಾಗ ಬೂಟು ಬಗ್ಗುವ ಜಾಗವೂ ಪಾದ ಬಗ್ಗುವ ಜಾಗವೂ ಹೊಂದುವುದಿಲ್ಲ. ಎತ್ತರದ ಹಿಮ್ಮಡಿಯಿಂದಾಗಿ ಪಾದ ಇಳಿಜಾರಿನಲ್ಲಿ ಜಾರಿದಂತೆ ಮುಂದಕ್ಕೆ ಹೋಗಿ ಬೆರಳುಗಳು ಮತ್ತೆ ಅಲ್ಲಿಯೇ ಇರುಕಿಕೊಳ್ಳುತ್ತವೆ. ಅಗಲದ ಅಳತೆಯಲ್ಲಿಯೇ ಬರುವ ಬೂಟನ್ನು ಹುಡುಕುವುದು, ಸಂಜೆ ಪಾದ ತುಸು ಊದಿಕೊಂಡಾಗಲೇ ಅಂಗಡಿಗೆ ಹೋಗುವುದು, ಹಾಕಿಕೊಳ್ಳಲಿರುವ ಸಾಕ್ಸನ್ನೇ ಒಯ್ಯುವುದು, ಇವಿಷ್ಟೇ ದಾರಿ. "ಹಾಕುತ್ತ ಹಾಕುತ್ತ ಸಡಿಲವಾಗುತ್ತದೆ ಮೇಡಂ" ಎಂಬ ಮಾತಿನಲ್ಲಿ ಅರ್ಧ ಸತ್ಯವಿದೆ. ಚರ್ಮ ಅಗಲಕ್ಕೆ ಸ್ವಲ್ಪ ಒದಗುತ್ತದೆ, ಉದ್ದಕ್ಕೆ ಒದಗುವುದಿಲ್ಲ.

ನಮ್ಮ ಕಡೆ ಪಾದರಕ್ಷೆ ಕಳಚುವ ಸಂದರ್ಭಗಳನ್ನು ಎಣಿಸಿದ್ದೀರಾ? ಮನೆಯ ಜಗಲಿ, ಮಾರಿಕಾಂಬಾ ದೇವಸ್ಥಾನದ ಬಾಗಿಲು, ವೈದ್ಯರ ಕೋಣೆ, ಗೆಳತಿಯ ಮನೆ, ಕೆಲವು ಅಂಗಡಿಗಳು ಕೂಡ. ಸೀರೆಯುಟ್ಟು, ಹಿಂದೆ ನಾಲ್ಕು ಜನ ಕಾಯುತ್ತಿರುವಾಗ ಬಗ್ಗಿ ಲೇಸು ಬಿಚ್ಚುವುದು ಶಿಕ್ಷೆಯೇ ಸರಿ. ಆದ್ದರಿಂದ ಲೇಸಿನ ಬೂಟು ಎಷ್ಟೇ ಅಂದವಾಗಿದ್ದರೂ ನಾನು ಬಿಟ್ಟುಬಿಟ್ಟೆ. ಎರಡೂ ಪಕ್ಕದಲ್ಲಿ ಇಲಾಸ್ಟಿಕ್ ಇರುವ ಚೆಲ್ಸಿ ಬೂಟು ಇನ್ನೊಂದು ಆಯ್ಕೆ. ವಿಕ್ಟೋರಿಯಾ ರಾಣಿಗೆ ಬೂಟು ಮಾಡಿಕೊಡುತ್ತಿದ್ದ ಜೋಸೆಫ್ ಸ್ಪಾರ್ಕ್ಸ್-ಹಾಲ್ 1851ರಲ್ಲಿ ಪೇಟೆಂಟ್ ಪಡೆದ ಆ ಉಪಾಯ ಇಂದಿಗೂ ಹಳತಾಗಿಲ್ಲ. ಆದರೆ ಹರಡಿನ ಬಳಿ ಬಿಗಿಯಾಗಿ ಕೂರಬೇಕಾದ ಇಲಾಸ್ಟಿಕ್ ಕಾಲಕ್ರಮೇಣ ಸಡಿಲಗೊಂಡರೆ, ಹೀಲ್ಸ್ ಇರುವ ಬೂಟಿನಲ್ಲಿ ಪಾದ ಹಿಡಿತ ತಪ್ಪುತ್ತದೆ. ಒಳಪಕ್ಕದಲ್ಲಿ ಜಿಪ್ ಇರುವುದೇ ನನಗೆ ಒಗ್ಗಿತು, ಜಿಪ್ಪಿನ ಹಿಂದೆ ಚರ್ಮದ ಪಟ್ಟಿ ಇರಬೇಕೆಂಬ ಷರತ್ತಿನೊಂದಿಗೆ. ಇಲ್ಲವಾದರೆ ಹರಡಿನ ಮೂಳೆಗೆ ಉಜ್ಜಿ ಗಾಯವಾಗುತ್ತದೆ.

ಕೊನೆಗೆ ಸಿಕ್ಕಿದ್ದು ಹೀಗೆ. ಬೆಂಗಳೂರಿನಲ್ಲಿ ಮೌಲ್ಯಮಾಪನದ ಕೆಲಸ ಮುಗಿಸಿ, ಒಂದು ಸಂಜೆ ನಾಲ್ಕನೆಯ ಅಂಗಡಿಯಲ್ಲಿ, ಕಡು ಕಂದು ಬಣ್ಣದ, ಬಾದಾಮಿಯಂತೆ ತುಸು ಚೂಪಾಗಿ ದುಂಡಗಾದ ಮೂತಿಯ, 5 ಸೆಂ.ಮೀ. ಎತ್ತರದ ದಪ್ಪ ಹೀಲ್ಸ್‌ನ ಒಂದು ಜೋಡಿ. ಕಾಲಿನ ಅತಿ ತೆಳ್ಳಗಿನ ಭಾಗದಲ್ಲಿ, ಎಂದರೆ ಹರಡಿನ ಮೂಳೆಗಿಂತ ನಾಲ್ಕು ಬೆರಳು ಮೇಲೆ ಅದರ ಅಂಚು ಮುಗಿಯುತ್ತದೆ. ನನ್ನಂಥ ಗಿಡ್ಡ ಮೈಕಟ್ಟಿನವರಿಗೆ ಅಂಚು ಇನ್ನೂ ಮೇಲಕ್ಕೆ ಹೋದರೆ ಕಾಲು ಕಂಬದಂತೆ ಕಾಣುತ್ತದೆ. ನೇರ ಕುರ್ತಾಕ್ಕೂ ಪ್ಯಾಂಟಿಗೂ ಅದು ಸಲೀಸಾಗಿ ಹೊಂದಿತು. ಗಂಜಿ ಹಾಕಿದ ಕಾಟನ್ ಸೀರೆಯನ್ನು ಎರಡು ಬೆರಳು ಎತ್ತರಿಸಿ ಉಟ್ಟು ಹಾಕಿಕೊಂಡ ದಿನ ಸ್ಟಾಫ್ ರೂಮಿನಲ್ಲಿ ಕೆಲವರು ಮುಗುಳ್ನಕ್ಕರು, ಇಬ್ಬರು ಮರುವಾರ ಅಂಗಡಿಯ ವಿಳಾಸ ಕೇಳಿದರು. ಆಯಿಯ ತೀರ್ಪು ಮಾತ್ರ ಬೇರೆಯೇ ಇತ್ತು. ಜಗಲಿಯ ಕಲ್ಲಿನ ಮೇಲೆ ನನ್ನ ಹೆಜ್ಜೆಯ ಸದ್ದು ಕೇಳಿ, ಅಡಿಕೆ ಸುಲಿಯುತ್ತಿದ್ದ ಮೆಟ್ಟುಗತ್ತಿಯಿಂದ ತಲೆ ಎತ್ತದೆಯೇ, "ಎಂತದೇ ಕೂಸೇ, ಕುದುರೆ ಬಂದಾಂಗೆ ಸಪ್ಪಳ ಆಗ್ತು" ಎಂದಳು. ಸದ್ದು ಮಾಡುತ್ತಿದ್ದ ಗಟ್ಟಿ ಪ್ಲಾಸ್ಟಿಕ್ಕಿನ ತುದಿಯನ್ನು ಕಿತ್ತು ನಮ್ಮ ಪೇಟೆಯ ಅದೇ ಹಿರಿಯರು ರಬ್ಬರಿನ ತುಂಡು ಹಾಕಿಕೊಟ್ಟ ಮೇಲೆ ಕುದುರೆ ಬರುವುದು ನಿಂತಿತು. ಹೊಸ ಹೀಲ್ಸ್‌ಗೂ ಮೊದಲ ದಿನವೇ ಇದನ್ನು ಮಾಡಿಸಿಬಿಡುವುದು ಒಳ್ಳೆಯದು. ಜಾರುವುದೂ ಕಡಿಮೆ, ಸವೆದಾಗ ಬದಲಿಸುವುದೂ ಸುಲಭ.

ಅವರ ಕೈಯಲ್ಲಿ ನನ್ನ ಹಳೆಯ ಜೋಡಿಗೂ ಮರುಜನ್ಮ ಸಿಕ್ಕಿತು. ಮೇಲಿನ ಚರ್ಮ ಗಟ್ಟಿಯಿದ್ದುದರಿಂದ ಪುಡಿಯಾದ ಅಟ್ಟೆಯನ್ನೆಲ್ಲ ಕೆರೆದು ತೆಗೆದು, ರಬ್ಬರಿನ ಅಟ್ಟೆ ಅಂಟಿಸಿ, ಸುತ್ತಲೂ ಹೊಲಿಗೆ ಹಾಕಿ ಕೊಟ್ಟರು. ಮೊದಲಿನಷ್ಟು ನಯವಿಲ್ಲ, ತೂಕವೂ ಹೆಚ್ಚು. ಬಸ್ಸಿನ ಪ್ರಯಾಣಕ್ಕೆ ಅದೇ ನಡೆಯುತ್ತದೆ.

ಮೇ ತಿಂಗಳ ಕೊನೆಯ ವಾರ ಬಂದಿದೆ. ಮುಂದಿನ ನಾಲ್ಕು ತಿಂಗಳು ಕಾಲಿಗೆ ರಬ್ಬರ್ ಚಪ್ಪಲಿಯೇ ಗತಿ. ನಿನ್ನೆ ಎರಡೂ ಜೋಡಿಯನ್ನು ಒದ್ದೆಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಒಣಗಿಸಿ, ಬಣ್ಣವಿಲ್ಲದ ಕ್ರೀಮನ್ನು ತೆಳ್ಳಗೆ ಹಚ್ಚಿದೆ. ಕೊಬ್ಬರಿ ಎಣ್ಣೆ ಹಚ್ಚು ಎಂದು ಅಪ್ಪಯ್ಯ ಹೇಳಿದರೂ ಕೇಳಲಿಲ್ಲ, ಏಕೆಂದರೆ ಹೆಚ್ಚಾದ ಎಣ್ಣೆ ಬೂಷ್ಟಿಗೆ ಊಟವಾಗುತ್ತದೆ. ಮೂತಿಯೊಳಗೆ ಹಳೆಯ ಪೇಪರು ತುರುಕಿ, ಪ್ಲಾಸ್ಟಿಕ್ಕಿನ ಬದಲು ಆಯಿಯ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ್ದೇನೆ. ಜಗಲಿಯ ಗೂಡಿನ ಬದಲು ಒಳಕೋಣೆಯ ಕಪಾಟಿನ ಮೇಲಿಡಲು ಈ ಸಲ ಆಯಿಯ ಒಪ್ಪಿಗೆ ದೊರೆತಿದೆ, ಆ ಸೀರೆ ಅವಳದೇ ಆದ್ದರಿಂದ ಇರಬಹುದು. ಹದಿನೈದು ದಿನಕ್ಕೊಮ್ಮೆ ಬಿಚ್ಚಿ, ಪೇಪರು ಬದಲಿಸಿ, ಗಾಳಿಗೆ ಹಿಡಿಯಬೇಕು.